ಹಳೇ ಮನೆಯ ಹೊಳಪು ಎಲ್ಲಿಂದ ಬರುತ್ತಿತ್ತು

ಹಳೇ ಕಾಲದ ಮನೆ ಅಂದಕೂಡಲೇ ಕಣ್ಮುಂದೆ ಬರುವುದು ಸಾಮಾನುಗಳು: ಗೋಡೆಯ ಮೇಲೆ ಲೋಲಕದ ಗಡಿಯಾರ, ಬೆತ್ತ ಹೆಣೆದ ಕುರ್ಚಿ, ಹಿತ್ತಾಳೆ ಹಿಡಿಯ ಬೀರು, ಕಂದು ಬಣ್ಣಕ್ಕೆ ತಿರುಗಿದ ಫೋಟೋಗಳ ಸಾಲು. ಇವನ್ನೆಲ್ಲ ಇವತ್ತೂ ಹುಡುಕಿ ತರಬಹುದು, ತರುವವರು ಬೇಕಾದಷ್ಟು ಜನ ಇದ್ದಾರೆ. ತಂದು ಎರಡು ವರ್ಷ ಕಳೆಯುವಷ್ಟರಲ್ಲಿ ಗಡಿಯಾರ ನಿಂತಿರುತ್ತದೆ, ಬೆತ್ತ ಜೋತಿರುತ್ತದೆ, ಮೇಜಿನ ತುಂಬ ಲೋಟ ಇಟ್ಟ ಬಿಳಿ ಬಳೆಗಳು. ಸಾಮಾನು ಮನೆಗೆ ಬಂತು, ಅದರ ಜೊತೆಗಿದ್ದ ಚಾಕರಿ ಬರಲಿಲ್ಲ.

ಆ ಸಾಮಾನುಗಳನ್ನು ಮಾಡಿದವರಿಗೆ ಅವು ಕೆಡುತ್ತವೆ ಅಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಿಚ್ಚಿ ಮತ್ತೆ ಕಟ್ಟುವ ಹಾಗೆ ಮಾಡಿದರು. ಅರಗಿನ ಪಾಲಿಶ್ ಸ್ಪಿರಿಟ್ಟಿಗೆ ಕರಗುತ್ತದೆ, ತೊಗಲಿನ ಅಂಟು ಬಿಸಿನೀರಿಗೆ ಬಿಟ್ಟುಕೊಡುತ್ತದೆ, ಬೆತ್ತ ನೆನೆಸಿದರೆ ಮೆತ್ತಗಾಗುತ್ತದೆ, ಸುಣ್ಣದ ಮೇಲೆ ಸುಣ್ಣ ಕೂರುತ್ತದೆ. ಇವುಗಳನ್ನು ಹಾಳು ಮಾಡುವುದು ವಯಸ್ಸಿಗಿಂತ ಹೆಚ್ಚಾಗಿ ನಮ್ಮ ಅವಸರದ ರಿಪೇರಿ. ಒಮ್ಮೆ ಹಚ್ಚಿದರೆ ಬಿಡಿಸಲು ಬಾರದ ಯಾವುದನ್ನೇ ಆಗಲಿ ಹಚ್ಚುವ ಮೊದಲು ಎರಡು ಸಲ ಯೋಚಿಸಬೇಕು. ಕೆಳಗಿನದೆಲ್ಲ ಆ ಒಂದು ಮಾತಿನ ವಿವರ ಅಷ್ಟೇ.

ಮೇಜಿನಿಂದ ಶುರು ಮಾಡೋಣ. ಅದರ ಮೇಲಿರುವ ಪಾಲಿಶ್ ಯಾವುದು ಅಂತ ತಿಳಿಯದೆ ಕೈ ಹಾಕಬಾರದು. ಕಣ್ಣಿಗೆ ಬೀಳದ ಕಡೆ, ಕಾಲಿನ ಹಿಂಬದಿಯಲ್ಲೋ ಹಲಗೆಯ ಅಡಿಯ ಅಂಚಿನಲ್ಲೋ, ಒಂದು ಹನಿ ಸ್ಪಿರಿಟ್ ಇಟ್ಟು ಅರ್ಧ ನಿಮಿಷ ಬಿಡಿ. ಬೆರಳಿಗೆ ಅಂಟಂಟಾದರೆ ಅರಗು. ಏನೂ ಆಗದಿದ್ದರೆ ಪಕ್ಕದಲ್ಲೇ ಒಂದು ಹನಿ ಥಿನ್ನರ್ ಇಟ್ಟು ನೋಡಿ. ಅದಕ್ಕೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, 1920ರ ದಶಕದಿಂದ ಕಾರ್ಖಾನೆಯ ಪೀಠೋಪಕರಣಗಳಿಗೆ ಬಂದದ್ದು. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್ ಅಥವಾ ಪಾಲಿಯುರೆಥೇನ್. ಯಾರೋ ಆಮೇಲೆ ಬಳಿದದ್ದೇ ಇರಬಹುದು.

ಅರಗು ಒಂದು ಸಣ್ಣ ಕೀಟದ ಸ್ರಾವ. ಮರದ ರೆಂಬೆಗಳ ಮೇಲೆ ಅದು ಕಟ್ಟಿಕೊಳ್ಳುವ ಹೊದಿಕೆಯನ್ನು ಕೆರೆದು, ಕರಗಿಸಿ, ಸೋಸಿ ತೆಳ್ಳಗಿನ ಚಕ್ಕೆ ಮಾಡುತ್ತಾರೆ. ನೀರು ಮತ್ತು ಬಿಸಿ, ಎರಡೂ ಅದಕ್ಕೆ ಆಗಿಬರುವುದಿಲ್ಲ. ಬಿಸಿ ಪಾತ್ರೆಯ ಕೆಳಗೆ ಮೂಡುವ ಬಿಳಿ ಬಳೆ ಎಂದರೆ ಪಾಲಿಶ್ ಪದರದೊಳಗೆ ಸಿಕ್ಕಿಬಿದ್ದ ತೇವ. ಮರಕ್ಕೆ ಏನೂ ಆಗಿರುವುದಿಲ್ಲ, ಹೆದರಬೇಕಿಲ್ಲ. ಎರಡು ದಿನ ಸುಮ್ಮನೆ ಬಿಟ್ಟರೆ ಎಷ್ಟೋ ಬಳೆಗಳು ತಾವೇ ಮಾಯವಾಗುತ್ತವೆ. ಆಗದಿದ್ದರೆ ಹತ್ತಿಬಟ್ಟೆಯ ಉಂಡೆಗೆ ಸ್ವಲ್ಪವೇ ಸ್ಪಿರಿಟ್ ಹಾಕಿ. ಕೆನ್ನೆಗೆ ಮುಟ್ಟಿಸಿದರೆ ತಣ್ಣಗೆನಿಸಬೇಕು, ಒದ್ದೆ ಎನಿಸಬಾರದು. ಹದ್ದು ಎರಗಿ ಮೇಲೇರುವ ಹಾಗೆ, ಉಂಡೆ ಓಡುತ್ತಲೇ ಮೇಜನ್ನು ತಾಕಿ ಓಡುತ್ತಲೇ ಬಿಡಬೇಕು. ಒಂದು ಕ್ಷಣ ನಿಂತರೂ ಬಟ್ಟೆ ಅಂಟಿಕೊಂಡು ಪದರ ಕಿತ್ತುಬರುತ್ತದೆ, ಆಮೇಲೆ ಬಟ್ಟೆಯ ನೇಯ್ಗೆಯ ಗುರುತು ಅಲ್ಲೇ ಉಳಿಯುತ್ತದೆ.

ಕಪ್ಪು ಬಳೆಯ ಕತೆಯೇ ಬೇರೆ. ಅಲ್ಲಿ ನೀರು ಪಾಲಿಶ್ ದಾಟಿ ಮರ ಮುಟ್ಟಿದೆ. ಕಬ್ಬಿಣದ ಅಂಶವೂ ಮರದ ಒಗರೂ ಕೂಡಿ ಕಪ್ಪಾಗಿದೆ. ಅದನ್ನು ತೆಗೆಯಲು ಆ ಜಾಗದ ಪಾಲಿಶ್ ಪೂರ್ತಿ ತೆಗೆದು ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ, ಆಮೇಲೆ ನೀರಿನಲ್ಲಿ ಹಲವು ಸಲ ಒರೆಸಬೇಕು. ಆಕ್ಸಾಲಿಕ್ ಆಮ್ಲ ವಿಷ, ಕೈಗವಸು ಬೇಕೇ ಬೇಕು. ಒಣಗಿದ ಮೇಲೆ ಅದರ ಹರಳು ಮರದ ಮೇಲೆ ಉಳಿದಿರುವಾಗ ಉಪ್ಪುಕಾಗದ ಹಾಕಿದರೆ ಆ ಪುಡಿ ಮೂಗಿಗೆ ಹೋಗುತ್ತದೆ. ಮೇಜಿಗೆ ಒಂದು ಕಪ್ಪು ಬಳೆ ಇದ್ದರೆ ಇರಲಿ ಬಿಡಿ ಎನ್ನುವುದು ನನ್ನ ಪಂಗಡ.

ಹೊಸದಾಗಿ ಅರಗು ಹಚ್ಚುವುದಾದರೆ ಅರ್ಧ ಲೀಟರ್ ಸ್ಪಿರಿಟ್ಟಿಗೆ 80 ಗ್ರಾಂ ಚಕ್ಕೆ, ಬಟ್ಟೆಯ ಉಂಡೆಯಲ್ಲಿ ತಿಕ್ಕಲು ಸರಿಯಾದ ಹದ. ನೀರಿನಂಶ ಇರುವ ಸ್ಪಿರಿಟ್ ಆಗುವುದಿಲ್ಲ, ಪದರ ಬೆಳ್ಳಗಾಗುತ್ತದೆ. ಗಾಜಿನ ಬಾಟಲಿಯಲ್ಲೇ ಹಾಕಿಡಿ. ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗುತ್ತದೆ. ಆಗಾಗ ಅಲ್ಲಾಡಿಸುತ್ತ ಒಂದು ದಿನ ಬಿಟ್ಟು, ತೆಳುಬಟ್ಟೆಯಲ್ಲಿ ಸೋಸಿ, ಬಾಟಲಿಯ ಮೇಲೆ ತಾರೀಖು ಬರೆಯಿರಿ. ತಾರೀಖು ಬರೆಯುವುದು ಚಟಕ್ಕಲ್ಲ. ಕರಗಿಸಿದ ಅರಗು ಆರು ತಿಂಗಳು ಕಳೆದಂತೆ ಸ್ಪಿರಿಟ್ಟಿನ ಜೊತೆಗೇ ರಾಸಾಯನಿಕವಾಗಿ ಬೆರೆತು, ಹಚ್ಚಿದ ಮೇಲೆ ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತ ಹೋಗುತ್ತದೆ. ಅನುಮಾನ ಬಂದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ರಾತ್ರಿ ಕಳೆಯಲಿ. ಬೆಳಿಗ್ಗೆ ಉಗುರು ನಾಟಿದರೆ ಬಾಟಲಿ ಪೂರ್ತಿ ಚೆಲ್ಲಿ. ಮಳೆಯ ದಿನ ಈ ಕೆಲಸ ಬೇಡ: ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಮಂಜು ಕವಿದ ಹಾಗೆ ಕಾಣುತ್ತದೆ.

ಪಾಲಿಶ್ ಮೇಲೆ ಮೇಣ. 100 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಲೆಯಿಂದ ಇಳಿಸಿ, ದೂರ ಒಯ್ದು, ಆಮೇಲೆ 300ರಿಂದ 400 ಮಿ.ಲೀ. ಟರ್ಪೆಂಟೈನ್ ಬೆರೆಸಬೇಕು. ಒಲೆಯ ಮೇಲಿರುವಾಗಲೇ ಸುರಿಯುವುದು ಮನೆ ಸುಡುವ ದಾರಿ. ಟರ್ಪೆಂಟೈನ್ ಆವಿ ಸುಮಾರು 35 ಡಿಗ್ರಿಯಲ್ಲೇ ಹೊತ್ತಿಕೊಳ್ಳಬಲ್ಲದು. ಆರಿದಾಗ ಬೆಣ್ಣೆಯ ಹದಕ್ಕೆ ಬರುತ್ತದೆ. ಹಚ್ಚುವಾಗ ಎಲ್ಲರೂ ಮಾಡುವ ತಪ್ಪು, ಹೆಚ್ಚು ಹಚ್ಚುವುದು. ಕಂಡೂ ಕಾಣದಷ್ಟು ಸವರಿ, ಕಾಲು ಗಂಟೆ ಬಿಟ್ಟು, ಒಣಬಟ್ಟೆಯಲ್ಲಿ ತೋಳು ನೋಯುವ ತನಕ ತಿಕ್ಕಬೇಕು. ಹೊಳಪು ಬರುವುದು ಆ ತಿಕ್ಕುವುದರಿಂದ. ದಪ್ಪಗೆ ಬಿಟ್ಟ ಮೇಣ ಜಿಗುಟಾಗಿ ಧೂಳು ಹಿಡಿದು, ವರ್ಷದೊಳಗೆ ಮೂಲೆಗಳಲ್ಲಿ ಕಪ್ಪು ಜಡ್ಡು ಕಟ್ಟುತ್ತದೆ. ವರ್ಷಕ್ಕೆ ಒಂದು ಸಲ, ದಿನಾ ಕೈಯಾಡುವ ಜಾಗಕ್ಕೆ ಎರಡು ಸಲ ಸಾಕು. ಮಿಕ್ಕ ದಿನ ಒಣಬಟ್ಟೆ.

ಡಬ್ಬಿಯಿಂದ ಬುಸ್ಸೆಂದು ಹೊಡೆಯುವ ಸಿಲಿಕೋನ್ ಸ್ಪ್ರೇ ಬಗ್ಗೆ ಒಂದು ಮಾತು. ಎರಡು ನಿಮಿಷದಲ್ಲಿ ಫಳಫಳ ಅನ್ನುತ್ತದೆ, ನಿಜ. ಆದರೆ ಪಾಲಿಶ್ ಬಿರುಕಿನ ಮೂಲಕ ಸಿಲಿಕೋನ್ ಮರದೊಳಗೆ ಇಳಿದರೆ, ಮುಂದೆ ಹಚ್ಚುವ ಯಾವ ಪದರವೂ ಅಲ್ಲಿ ಸಮನಾಗಿ ಹರಡದೆ ಮೀನಿನ ಕಣ್ಣಿನಂಥ ಗುಳಿ ಗುಳಿಯಾಗಿ ಒಡೆಯುತ್ತದೆ. ಇನ್ನು ಅಗಸೆ ಎಣ್ಣೆ ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ಒಣಗುವಾಗ ತಾನಾಗಿ ಬಿಸಿಯೇರಿ ಬೆಂಕಿ ಹತ್ತಿಕೊಳ್ಳುತ್ತದೆ. ಹೊರಗೆ ಒಂದೇ ಪದರವಾಗಿ ಹರವಿ ಒಣಗಿಸಿ.

ಮೇಜಿನ ಹಲಗೆ ಸೀಳುವುದಕ್ಕೆ ಕಾರಣ ಸಾಮಾನ್ಯವಾಗಿ ಹಲಗೆಯೊಳಗೆ ಇರುವುದಿಲ್ಲ, ಅದನ್ನು ಹಿಡಿದ ರೀತಿಯಲ್ಲಿ ಇರುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಅಡ್ಡಕ್ಕೆ ಮಾತ್ರ ತೇವದ ಕಾಲದಲ್ಲಿ ಹಿಗ್ಗಿ ಒಣಕಾಲದಲ್ಲಿ ಕುಗ್ಗುತ್ತದೆ, ಅಗಲವಾದ ಹಲಗೆಯಲ್ಲಿ ಇದು ಹಲವು ಮಿಲಿಮೀಟರ್. ಹಳೇ ಬಡಗಿಗಳು ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಸುಮ್ಮನೆ ಕೂರಿಸುತ್ತಿದ್ದುದು ಅದಕ್ಕೇ. ಅದು ಗಡಗಡ ಅಲುಗುತ್ತದೆ ಅಂತ ಅಂಟು ತುಂಬಿದರೆ ಮುಂದಿನ ಒಣಕಾಲಕ್ಕೆ ಠಪ್ಪನೆ ಸೀಳುತ್ತದೆ. ಆ ಅಲುಗಾಟ ದೋಷವಲ್ಲ.

ಕುರ್ಚಿಯ ಸಂದು ಸಡಿಲವಾದಾಗಲೂ ಎಪಾಕ್ಸಿ ಎಂಬ ರಾಸಾಯನಿಕ ಅಂಟಿನ ಆಸೆ ಬೇಡ. ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯದು ಎನ್ನುವ ಮಾತಿಗೆ ತೊಗಲಿನ ಅಂಟು ಒಂದು ಅಪವಾದ: ಹಳೆಯದನ್ನು ಮೆತ್ತಗೆ ಮಾಡಿ ಅದರೊಂದಿಗೇ ಬೆರೆತುಬಿಡುತ್ತದೆ. ಹರಳನ್ನು ತಣ್ಣೀರಿನಲ್ಲಿ ಉಬ್ಬುವ ತನಕ ನೆನೆಸಿ 60 ಡಿಗ್ರಿ ಆಸುಪಾಸಿನಲ್ಲಿ ಬಿಸಿ ಮಾಡಬೇಕು; ಕುದಿಸಿದರೆ ಕಸುವು ಹೋಗುತ್ತದೆ. ಸಂದಿಗೆ ಹಾಕಿ ಹಗ್ಗವನ್ನು ಎರಡು ಸುತ್ತು ಬಿಗಿದು, ನಡುವೆ ಕಡ್ಡಿ ತೂರಿಸಿ ತಿರುಚಿ, ರಾತ್ರಿಯಿಡೀ ಬಿಡಿ. ಇನ್ನು ಐವತ್ತು ವರ್ಷಕ್ಕೆ ಮತ್ತೆ ಸಡಿಲವಾದರೆ ಬಿಸಿನೀರಿನ ಬಟ್ಟೆ ಸುತ್ತಿ ಬಿಚ್ಚಲು ಬರುತ್ತದೆ. ಎಪಾಕ್ಸಿ ಹಾಕಿದ ಕುರ್ಚಿ ಮುಂದಿನ ಸಲ ಸಂದಿನಲ್ಲಿ ಬಿಡದೆ ಕಾಲಿನಲ್ಲೇ ಮುರಿಯುತ್ತದೆ.

ಬಿಚ್ಚುವ ಗುಣ ಅಂದಾಗ ನೆನಪಾಗುವುದು ವಿಯೆನ್ನಾದ ಮೈಕೇಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿ. ಹಬೆಯಲ್ಲಿ ಬಾಗಿಸಿದ ಮರದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಅದರ ಬೆತ್ತದ ಆಸನ ಎಷ್ಟೋ ಮನೆಗಳ ನೆನಪಿನಲ್ಲಿದೆ.

ಆ ಆಸನ ಜೋತಿದ್ದರೆ, ಹೆಣಿಗೆ ಹರಿದಿಲ್ಲದಿದ್ದರೆ, ಖರ್ಚಿಲ್ಲದ ಉಪಾಯವಿದೆ. ಕುರ್ಚಿ ಮಗುಚಿಟ್ಟು ಅಡಿಯಿಂದ ಬಿಸಿನೀರಿನ ಬಟ್ಟೆ ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ಮೇಲಿನಿಂದ ಹಾಕಿದರೆ ಪ್ರಯೋಜನವಿಲ್ಲ. ಬೆತ್ತದ ಹೊಳೆಯುವ ಮೈ ನೀರು ಕುಡಿಯುವುದಿಲ್ಲ, ಒಳಮೈ ಕುಡಿಯುತ್ತದೆ. ನೆರಳಿನಲ್ಲಿ ಒಂದು ರಾತ್ರಿ ಒಣಗುವಷ್ಟರಲ್ಲಿ ಚರ್ಮದ ವಾದ್ಯದ ಹಾಗೆ ಬಿಗಿಯಾಗುತ್ತದೆ. ಪೂರ್ತಿ ಒಣಗುವ ತನಕ ಯಾರೂ ಕೂರಬಾರದು.

ಹೊಸದಾಗಿ ಹೆಣೆಸುವುದಾದರೆ ಚೌಕಟ್ಟಿನ ತೂತುಗಳ ಅಂತರ ಅಳೆಯಿರಿ. ನಡುವಿನಿಂದ ನಡುವಿಗೆ 19 ಮಿ.ಮೀ. ಇದ್ದರೆ 3 ಮಿ.ಮೀ. ಅಗಲದ ಬೆತ್ತ, 12-13 ಇದ್ದರೆ ಎರಡೂಕಾಲು ಮಿ.ಮೀ. ಕೆಲಸ ಏಳು ಹಂತ: ಮೊದಲು ಉದ್ದದ ಎಳೆಗಳು, ಅವುಗಳ ಮೇಲೆ ಅಡ್ಡದವು, ಮತ್ತೆ ಉದ್ದಕ್ಕೆ ಇನ್ನೊಂದು ಸಾಲು, ನಾಲ್ಕನೆಯದಾಗಿ ಮೇಲೆ ಕೆಳಗೆ ತೂರಿಸುತ್ತ ಅಡ್ಡದ ಎರಡನೇ ಸಾಲು, ಆಮೇಲೆ ಎರಡು ಓರೆಯ ಹೆಣಿಗೆ, ಕೊನೆಗೆ ಅಂಚು ಮುಚ್ಚುವ ಪಟ್ಟಿ. ನಾಲ್ಕನೇ ಹಂತದಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಓರೆಯ ಎಳೆ ಸಲೀಸಾಗಿ ಜಾರದೆ ಉಜ್ಜಿಕೊಂಡು, ಮೊದಲು ಅದೇ ಹರಿಯುತ್ತದೆ. ಬೆತ್ತವನ್ನು 15-20 ನಿಮಿಷ ನೆನೆಸಿದರೆ ಸಾಕು. ಹೊತ್ತುಗಟ್ಟಲೆ ನೀರಿನಲ್ಲಿಟ್ಟರೆ ಬಣ್ಣ ಕಪ್ಪಿಡುತ್ತದೆ. ಬಲ್ಬು ಬದಲಿಸಲು ಬೆತ್ತದ ಕುರ್ಚಿ ಹತ್ತಬೇಡಿ ಅಂತ ಬೇರೆ ಹೇಳಬೇಕೇ!

ಹಿತ್ತಾಳೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಳಿ ಹಾಕಿ ಉಜ್ಜಿದರೆ ಹೊಳೆಯುತ್ತದೆ, ಆದರೆ ಹುಳಿ ಹೆಚ್ಚು ಹೊತ್ತು ನಿಂತರೆ ಮೇಲ್ಮೈಯ ಸತು ಕರಗಿ ತಾಮ್ರ ಉಳಿದು ಗುಲಾಬಿ ಕಲೆಯಾಗುತ್ತದೆ. ಬೇಗ ತೊಳೆದು ಒರೆಸಬೇಕು. ಹಿಡಿಯ ಮೇಲೆ ಕಾರ್ಖಾನೆಯ ಲ್ಯಾಕರ್ ಇದ್ದರೆ ಉಜ್ಜುವುದೇ ಬೇಡ, ಅರ್ಧಂಬರ್ಧ ಎದ್ದು ಮಚ್ಚೆ ಮಚ್ಚೆಯಾಗುತ್ತದೆ. ಅಮೋನಿಯಾ ಇರುವ ದ್ರವಗಳಿಂದ ದೂರವಿರಿ: ಬಡಿದು, ಬಾಗಿಸಿ ಮಾಡಿದ ಹಿತ್ತಾಳೆಯನ್ನು ಅಮೋನಿಯಾ ಸೀಳುತ್ತದೆ. ಬ್ರಿಟಿಷರ ಕಾಲದ ಭಾರತದ ಸೈನ್ಯದಲ್ಲಿ, ಮಳೆಗಾಲದಲ್ಲಿ ಕುದುರೆಲಾಯದಲ್ಲಿಟ್ಟ ಹಿತ್ತಾಳೆ ತೋಟಾಗಳು ಬಿರುಕು ಬಿಡುತ್ತಿದ್ದುದು ಇದರಿಂದಲೇ. ಅಮೋನಿಯಾ ಎಲ್ಲಿಂದ ಬಂತು ಅಂತ ಊಹಿಸಬಹುದು.

ಗೋಡೆಗೆ ಬರೋಣ. ಸುಣ್ಣದ ಗಾರೆಯ ಗೋಡೆ ತೇವ ಹೀರಿ ತೇವ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಅಥವಾ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ಎರಡು ಮೂರು ವರ್ಷಕ್ಕೆ ಪೇಂಟ್ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಹಿಂದೆ ಗಾರೆ ಪುಡಿಯಾಗಿರುತ್ತದೆ, ಬೈಗುಳ ಮಾತ್ರ ಹಳೇ ಗೋಡೆಗೆ. ಸುಣ್ಣ ಬಳಿಯುವುದರಲ್ಲಿ ಮರ್ಮ ಎರಡೇ: ತೆಳ್ಳಗಿರಬೇಕು, ಗೋಡೆ ಒದ್ದೆ ಇರಬೇಕು. ಹಾಲಿನಷ್ಟು ತೆಳ್ಳಗೆ ಕಲಸಿ, ಗೋಡೆಗೆ ಮೊದಲು ನೀರು ಎರಚಿ, ದಿನಕ್ಕೊಂದರಂತೆ ನಾಲ್ಕೈದು ಕೈ. ಬಳಿದಾಗ ಏನೂ ಕಾಣುವುದಿಲ್ಲ, ಕೆಲಸ ಮಾಡಿದವರಿಗೇ ಅನುಮಾನ ಬರುತ್ತದೆ. ಒಣಗಿದಂತೆ ಬೆಳ್ಳಗೆ ಮೂಡುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವುದಕ್ಕೆ ತೇವ ಬೇಕು. ಬಿಸಿಲಿನಲ್ಲಿ ಬೇಗ ಒಣಗಿದ್ದು, ದಪ್ಪಗೆ ಮೆತ್ತಿದ್ದು, ಎರಡೂ ಬೆನ್ನು ಒರಗಿಸಿದರೆ ಬಟ್ಟೆಗೆ ಹತ್ತುತ್ತವೆ. ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸ ಬೇಡ.

ಹಳೇ ಪೇಂಟನ್ನು ಒಣಗಿದ್ದಾಗ ಉಪ್ಪುಕಾಗದದಲ್ಲಿ ಉಜ್ಜುವ ಮೊದಲು ಸೀಸ ಇದೆಯೇ ಪರೀಕ್ಷಿಸಿ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಪೇಂಟ್ ನಿಷೇಧವಾದದ್ದೇ 1978ರಲ್ಲಿ. ಹತ್ತೊಂಬತ್ತನೇ ಶತಮಾನದ ಹಸಿರು ಗೋಡೆಕಾಗದಗಳಲ್ಲಿ ರಸಾಯನಶಾಸ್ತ್ರಜ್ಞ ಶೀಲೆ ಕಂಡುಹಿಡಿದ ಹಸಿರು ಬಣ್ಣ, ಅಂದರೆ ತಾಮ್ರ ಮತ್ತು ಆರ್ಸೆನಿಕ್, ಇರಬಹುದು. ಅಂಥದ್ದನ್ನು ಕೆರೆಯದೆ ಬಲ್ಲವರನ್ನು ಕರೆಸಬೇಕು.

ಫೋಟೋಗಳನ್ನು ಕೆಡಿಸುವುದು ಹೆಚ್ಚಾಗಿ ಅವುಗಳ ಬೆನ್ನಿನ ರಟ್ಟು ಮತ್ತು ಹಲಗೆ. ಅಗ್ಗದ ರಟ್ಟಿನ ಆಮ್ಲ ಕಾಗದಕ್ಕೆ ಇಳಿದು ಅಂಚಿನಲ್ಲಿ ಕಂದು ಗೆರೆ ಮೂಡುತ್ತದೆ, ಗಂಟು ಇರುವ ಹಲಗೆಯಾದರೆ ಗಂಟಿನ ಆಕಾರವೇ ಚಿತ್ರದ ಮೇಲೆ ಕಾಣಿಸಿಕೊಳ್ಳುತ್ತದೆ. ಗಾಜಿಗೆ ತಾಗಿ ಕೂರಿಸಿದ ಫೋಟೋ ತೇವದಲ್ಲಿ ಅಂಟಿಕೊಳ್ಳುತ್ತದೆ. ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿ ಗಾಜನ್ನು ಹಿಡಿಯುತ್ತದೆ. ಅಂಟಿದ್ದನ್ನು ಕೀಳಬೇಡಿ, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. ಹೊಸದಾಗಿ ಚೌಕಟ್ಟು ಹಾಕಿಸುವಾಗ ಆಮ್ಲರಹಿತ ರಟ್ಟು ಕೇಳಿ, ಗಾಜಿಗೂ ಚಿತ್ರಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಬಿಡಿಸಿ. ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡುತ್ತದೆ. ಮೂಲ ಫೋಟೋ ಕತ್ತಲೆಯ ಪೆಟ್ಟಿಗೆಯಲ್ಲಿರಲಿ, ಗೋಡೆಗೆ ಪ್ರತಿ ಸಾಕು.

ಕನ್ನಡಿಯ ಕೆಳಅಂಚು ಕಪ್ಪಾಗುವುದು ಒರೆಸುವವರ ಕೈಯಿಂದಲೇ: ಗಾಜಿಗೆ ನೇರ ಹೊಡೆದ ದ್ರವ ಇಳಿದು ಚೌಕಟ್ಟಿನ ತೋಡಿನಲ್ಲಿ ನಿಂತು ಹಿಂದಿನ ಬೆಳ್ಳಿಯನ್ನು ತಿನ್ನುತ್ತದೆ. ಬಟ್ಟೆಗೆ ಹಾಕಿ ಒರೆಸಿ. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಬೆಳ್ಳಿ ಲೇಪದ ವಿಧಾನ ಕಂಡುಕೊಳ್ಳುವ ಮೊದಲಿನ ಕನ್ನಡಿಗಳಲ್ಲಿ ತವರ ಮತ್ತು ಪಾದರಸದ ಲೇಪ ಇರುತ್ತಿತ್ತು. ಹಾಗಾಗಿ ತೀರಾ ಹಳೆಯದರ ಬೆನ್ನು ಕೆರೆಯಬೇಡಿ.

ಕೊನೆಗೆ ಗಡಿಯಾರ. ಡಚ್ ವಿಜ್ಞಾನಿ ಹೈಗೆನ್ಸ್ 1656ರಲ್ಲಿ ಲೋಲಕವನ್ನು ಗಡಿಯಾರಕ್ಕೆ ಕೂಡಿಸಿದಾಗಿನಿಂದ ಲೆಕ್ಕ ಬದಲಾಗಿಲ್ಲ: ಕಾಲ ನಿರ್ಧರಿಸುವುದು ಲೋಲಕದ ಉದ್ದ. ಟಿಕ್ಕಿಗೊಂದು ಸೆಕೆಂಡ್ ತೆಗೆದುಕೊಳ್ಳುವ ಲೋಲಕ ಸುಮಾರು 994 ಮಿ.ಮೀ. ಇರುತ್ತದೆ, ಅದರಲ್ಲಿ 1 ಮಿ.ಮೀ. ಉದ್ದವಾದರೆ ದಿನಕ್ಕೆ 43 ಸೆಕೆಂಡ್ ಹಿಂದೆ. ಗೋಡೆಯ ಚಿಕ್ಕ ಗಡಿಯಾರದಲ್ಲಿ ಲೋಲಕ ಗಿಡ್ಡ, ಅಲ್ಲಿ ಅದೇ ಒಂದು ಮಿಲಿಮೀಟರಿಗೆ ಮೂರು ನಿಮಿಷದ ಹತ್ತಿರ. ಆದ್ದರಿಂದ ಗುಂಡಿನ ಕೆಳಗಿನ ನಟ್ಟನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪೂರ್ತಿ ಒಂದು ದಿನ ಕಾದು, ಆಮೇಲೆ ಮತ್ತೆ ನೋಡಬೇಕು. ಗುಂಡು ಮೇಲೇರಿದರೆ ವೇಗ, ಕೆಳಗಿಳಿದರೆ ನಿಧಾನ.

ನಿಂತ ಗಡಿಯಾರಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ, ಸೊಟ್ಟ ತೂಗಿರುತ್ತವೆ. ಕಣ್ಣು ಮುಚ್ಚಿ ಕೇಳಿ. ಟಿಕ್, ಟಾಕ್, ಟಿಕ್, ಟಾಕ್ ಅಂತ ಅಂತರ ಒಂದೇ ಸಮ ಇರಬೇಕು. ಟಿಕ್-ಟಾಕ್, ಆಮೇಲೆ ಒಂದು ಬಿಡುವು, ಮತ್ತೆ ಟಿಕ್-ಟಾಕ್ ಅಂತ ಕುಂಟಿದರೆ ಪೆಟ್ಟಿಗೆಯ ಕೆಳಭಾಗವನ್ನು ಎಡಕ್ಕೋ ಬಲಕ್ಕೋ ಕೂದಲೆಳೆಯಷ್ಟು ಸರಿಸುತ್ತ ಹೋಗಿ, ಸದ್ದು ಸಮವಾದ ಕಡೆ ನಿಲ್ಲಿಸಿ. ಆಗ ಗಡಿಯಾರ ನೋಡಲು ಓರೆ ಕಂಡರೆ, ಯಾವ ಬದಿ ಎತ್ತರವಾಗಿದೆಯೋ ಆ ಬದಿಗೆ ಲೋಲಕವನ್ನು ತಳ್ಳುವ ಒಳಗಿನ ತೆಳುಕಡ್ಡಿಯನ್ನು ಒಂದಿಷ್ಟೇ ಬಾಗಿಸಿ, ಪೆಟ್ಟಿಗೆ ನೇರ ಮಾಡಿ, ಮತ್ತೆ ಕೇಳಿ. ಪೆಟ್ಟಿಗೆ ಗೋಡೆಗೆ ಗಟ್ಟಿಯಾಗಿ ಕೂತಿರಬೇಕು. ಅಲುಗಿದರೆ ಲೋಲಕದ ಶಕ್ತಿ ಪೆಟ್ಟಿಗೆಯ ಪಾಲಾಗುತ್ತದೆ. ನೆಲದ ಮೇಲೆ ನಿಲ್ಲುವ, ತೂಕದಿಂದ ನಡೆಯುವ ಎತ್ತರದ ಗಡಿಯಾರಗಳು ಕೀಲಿ ಕೊಟ್ಟ ಐದಾರು ದಿನಕ್ಕೆ ಸರಿಯಾಗಿ ನಿಲ್ಲುವುದುಂಟು. ತೂಕಗಳು ಇಳಿಯುತ್ತ ಲೋಲಕದ ಗುಂಡಿನ ಮಟ್ಟಕ್ಕೆ ಬಂದಾಗ ಅವೂ ಜೊತೆಗೆ ತೂಗಲು ಶುರುಮಾಡಿ ಅದರ ಬಲ ಕದಿಯುತ್ತವೆ. ಪೆಟ್ಟಿಗೆಯನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕೀಲಿ ಹೆಚ್ಚಾಗಿ ಕೊಟ್ಟು ಕೆಟ್ಟಿತು ಎನ್ನುವುದು ಸುಳ್ಳು ಆರೋಪ. ಪೂರ್ತಿ ಸುತ್ತಿದರೂ ನಡೆಯದ ಗಡಿಯಾರದೊಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಎಣ್ಣೆ ಬೇಕಾದದ್ದು ಅಚ್ಚು ತೂತಿನಲ್ಲಿ ತಿರುಗುವ ಕಡೆ ಮಾತ್ರ, ಗುಂಡುಸೂಜಿ ತಲೆಯಷ್ಟು. ಚಕ್ರದ ಹಲ್ಲಿಗೆ ಹಾಕಿದರೆ ಧೂಳು ಕೂಡಿ ಸಾಣೆಯಂತೆ ಹಲ್ಲು ಸವೆಸುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಓಡಿ ಆಮೇಲೆ ಇನ್ನೂ ಕೆಡುತ್ತದೆ. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬೇಡಿ. ಮುಂದಕ್ಕೆ ತಿರುಗಿಸುತ್ತ ಪ್ರತಿ ಗಂಟೆಗೂ ನಿಂತು ಪೂರ್ತಿ ಹೊಡೆಯಲು ಬಿಡಿ. ಸ್ಪ್ರಿಂಗಿನ ಡಬ್ಬಿ ಮಾತ್ರ ನೀವು ತೆರೆಯಲೇಬಾರದು, ಬೆರಳು ಮುರಿಯುವ ಬಲ ಅದರಲ್ಲಿದೆ.

ಎಂಟು ದಿನದ ಗಡಿಯಾರಕ್ಕೆ ವಾರಕ್ಕೊಮ್ಮೆ, ಒಂದೇ ದಿನ, ಕೀಲಿ. ಸ್ಪ್ರಿಂಗ್ ಸಡಿಲವಾದಂತೆ ಬಲ ಇಳಿಯುವುದರಿಂದ ಕೊನೆಯ ದಿನದ ತನಕ ಎಳೆಯದಿದ್ದರೆ ಸಮಯ ಹೆಚ್ಚು ಸರಿಯಿರುತ್ತದೆ. ಹಳೇ ಗಡಿಯಾರಗಳ ಬಾಗಿಲಿನ ಒಳಬದಿಯಲ್ಲಿ ಕೆಲವೊಮ್ಮೆ ಪೆನ್ಸಿಲಿನಲ್ಲಿ ಬರೆದ ತಾರೀಖುಗಳು ಸಿಗುತ್ತವೆ: ಎಣ್ಣೆ ಬಿಟ್ಟದ್ದು, ಸ್ಪ್ರಿಂಗ್ ಬದಲಿಸಿದ್ದು, ತೊಳೆದದ್ದು. ಕೊಳೆ ಅಂದುಕೊಂಡು ಅಳಿಸಬೇಡಿ. ಅದರ ಕೆಳಗೇ ನಿಮ್ಮ ತಾರೀಖು ಬರೆಯಿರಿ.